ಉಸಿರು ಊದಿಸಿ ಜಠರದ ಕ್ಯಾನ್ಸರ್ ಪತ್ತೆ ಮಾಡುವ ಪರೀಕ್ಷೆ: ಎಂಡೋಸ್ಕೋಪಿಯ ಬದಲು ಇದು ಸಾಲುತ್ತದೆಯೇ?

ಪ್ರಶ್ನೆ — ವರದಾತೀರ

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ನಮ್ಮ ಮನೆಯಲ್ಲಿ ಒಂದೇ ವಿಷಯಕ್ಕೆ ವಾದ ನಡೆಯುತ್ತಿದೆ. ತಿಳಿದವರು ಒಂದು ಮಾತು ಹೇಳಿದರೆ ದಾರಿ ಕಾಣಬಹುದೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂದೆಯವರಿಗೆ 63 ವರ್ಷ. ಸಾಗರದ ಕಡೆ ನಮ್ಮದೊಂದು ಸಣ್ಣ ಅಡಿಕೆ ತೋಟವಿದೆ. ಅವರಿಗೆ ‘ಗ್ಯಾಸ್ಟ್ರಿಕ್’ ಎಂಬುದು ಹೊಸದೇನಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಮ್ಲ ತಗ್ಗಿಸುವ ಒಂದು ಪ್ಯಾಂಟಾಪ್ರಜೋಲ್ ಮಾತ್ರೆ ನುಂಗುವುದು ಎಷ್ಟೋ ವರ್ಷಗಳಿಂದ ನಡೆದುಬಂದ ರೂಢಿ. ಆದರೆ ಈ ಆರು ತಿಂಗಳಿಂದ ಹೊಟ್ಟೆಯ ಸಂಕಟ ಮಾತ್ರೆಗೂ ಬಗ್ಗುತ್ತಿಲ್ಲ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿತೆಂದು ಏಳುತ್ತಾರೆ. ಪಂಚೆಯ ಮೇಲೆ ಕಟ್ಟುವ ಬೆಲ್ಟಿಗೆ ಮೊಳೆ ಕಾಯಿಸಿ ತಾವೇ ಎರಡು ಹೊಸ ತೂತು ಮಾಡಿಕೊಂಡಿದ್ದಾರೆ. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.6 ಬಂದಿದ್ದರಿಂದ ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟಿದ್ದಾರೆ. ವೈದ್ಯರು ಎಂಡೋಸ್ಕೋಪಿ ಮಾಡಿಸಲೇಬೇಕೆಂದು ಹೇಳಿದ್ದಾರೆ. ತಂದೆಯವರು ಮಾತ್ರ ಸುತರಾಂ ಒಪ್ಪುತ್ತಿಲ್ಲ. ನಮ್ಮ ದೊಡ್ಡಪ್ಪನವರಿಗೆ ಹಿಂದೊಮ್ಮೆ ಬಾಯಿಯಿಂದ ಪೈಪು ಹಾಕಿ ನೋಡಿದಾಗ ಅವರು ಒದ್ದಾಡಿದ್ದನ್ನು ಇವರು ಬಾಗಿಲಲ್ಲಿ ನಿಂತು ಕಂಡಿದ್ದರು. ಆ ಭಯ ಇಂದಿಗೂ ಇಳಿದಿಲ್ಲ.

ಹೀಗಿರುವಾಗ, ಬಾಯಿಂದ ಊದಿದ ಗಾಳಿಯನ್ನು ಪರೀಕ್ಷಿಸಿ ಜಠರದ ಕ್ಯಾನ್ಸರನ್ನು ಶೇಕಡಾ 90ರಷ್ಟು ನಿಖರವಾಗಿ ಹೇಳಬಲ್ಲ ಉಪಕರಣ ಬಂದಿದೆ ಎಂಬ ಲೇಖನವೊಂದು ನನ್ನ ಕಣ್ಣಿಗೆ ಬಿತ್ತು. ಅದನ್ನು ಓದಿ ಹೇಳಿದಾಗ ತಂದೆಯವರು, ‘ಅದನ್ನಾದರೆ ಮಾಡಿಸು, ಬರುತ್ತೇನೆ’ ಎಂದರು. ವಿಚಾರಿಸಿದಾಗ ಶಿವಮೊಗ್ಗದ ಲ್ಯಾಬೊಂದರಲ್ಲಿ ಹೊಟ್ಟೆಗೆ ಸಂಬಂಧಿಸಿದ ‘ಬ್ರೆತ್ ಟೆಸ್ಟ್’ ಮಾಡುತ್ತಾರೆಂದು ತಿಳಿಯಿತು. ಲೇಖನದಲ್ಲಿದ್ದ ಪರೀಕ್ಷೆ ಇದೇ ತಾನೇ? ಇದರಲ್ಲಿ ಏನೂ ಇಲ್ಲವೆಂದು ಬಂದರೆ ನಿಶ್ಚಿಂತೆಯಿಂದ ಇರಬಹುದೇ? ದಯವಿಟ್ಟು ತಿಳಿಸಿ.

---

ಉತ್ತರ — ಗಾಜಿನ ನಳಿಕೆ

ನಮಸ್ಕಾರ. ನಾನು ವೈದ್ಯನಲ್ಲ, ಆವಿಯಲ್ಲಿ ಬೆರೆತ ಪದಾರ್ಥಗಳನ್ನು ಒಂದೊಂದಾಗಿ ಬಿಡಿಸಿ ಗುರುತಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಯಂತ್ರಗಳ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದ ರಸಾಯನಶಾಸ್ತ್ರದವನು. ಉಸಿರಿನ ವಿಶ್ಲೇಷಣೆ ನನಗೆ ಬಹಳ ಪ್ರಿಯವಾದ ವಿಷಯವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಆದರೆ ನಿಮಗೆ ತುರ್ತಾಗಿ ಬೇಕಾದ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ: ಶಿವಮೊಗ್ಗದ ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಮತ್ತು ನೀವು ಲೇಖನದಲ್ಲಿ ಓದಿದ ಪರೀಕ್ಷೆ ಒಂದೇ ಅಲ್ಲ. ಎರಡರಲ್ಲೂ ಊದುವುದಿದೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ಹೆಚ್ಚಿನ ಸಂಬಂಧವಿಲ್ಲ.

ಲ್ಯಾಬಿನಲ್ಲಿ ಸಿಗುವುದು ಬಹುಮಟ್ಟಿಗೆ ಯೂರಿಯಾ ಬ್ರೆತ್ ಟೆಸ್ಟ್. ಅದು ಹುಡುಕುವುದು ಕ್ಯಾನ್ಸರನ್ನಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು. ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹಾಗೆ ಹುಟ್ಟಿದ ಅಮೋನಿಯಾವೇ ಜಠರದ ಆಮ್ಲದ ನಡುವೆ ಅದಕ್ಕೆ ರಕ್ಷಣೆ. ಆದ್ದರಿಂದ ಗುರುತು ಹಾಕಿದ ಇಂಗಾಲ, ಅಂದರೆ ಕಾರ್ಬನ್-13 ಅಥವಾ ಕಾರ್ಬನ್-14 ಇರುವ ಯೂರಿಯಾವನ್ನು ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಉಸಿರಿನಲ್ಲಿ ಆ ಗುರುತಿನ ಇಂಗಾಲ ಬಂದಿದೆಯೇ ಎಂದು ನೋಡುತ್ತಾರೆ. ಬಂದಿದ್ದರೆ ಬ್ಯಾಕ್ಟೀರಿಯಾ ಇದೆ ಎಂದರ್ಥ. ಇದು ಬಹಳ ಒಳ್ಳೆಯ, ಸ್ಥಿರಪಟ್ಟ ಪರೀಕ್ಷೆ. ಆದರೆ ನಮ್ಮ ದೇಶದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಅವರಲ್ಲಿ ಕ್ಯಾನ್ಸರ್ ಬರುವುದು ತೀರ ಕೆಲವರಿಗೆ. ಪಾಸಿಟಿವ್ ಬಂದರೆ ಕ್ಯಾನ್ಸರ್ ಇದೆ ಎಂದಲ್ಲ, ನೆಗೆಟಿವ್ ಬಂದರೆ ಕ್ಯಾನ್ಸರ್ ಇಲ್ಲ ಎಂದೂ ಅಲ್ಲ. ಜೊತೆಗೆ ಇನ್ನೊಂದು ಮಾತು: ಪ್ಯಾಂಟಾಪ್ರಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಈ ಪರೀಕ್ಷೆ ಮಾಡಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲವೆಂದು ತೋರಿಸಬಹುದು, ಅದಕ್ಕಾಗಿ ಎರಡು ವಾರ ಮೊದಲೇ ಆ ಮಾತ್ರೆಯನ್ನು ನಿಲ್ಲಿಸಲು ಹೇಳುತ್ತಾರೆ. ನಿಮ್ಮ ತಂದೆಯವರು ಇಂದು ಬೆಳಿಗ್ಗೆಯೂ ಆ ಮಾತ್ರೆಯನ್ನು ನುಂಗಿರುತ್ತಾರೆ.

ಇನ್ನು ನೀವು ಓದಿದ ಪರೀಕ್ಷೆಯ ವಿಷಯ. ನಾವು ಹೊರಬಿಡುವ ಗಾಳಿಯಲ್ಲಿ ಸಾರಜನಕ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಬಿಟ್ಟರೆ ಉಳಿದದ್ದು ಅತ್ಯಲ್ಪ. ಆದರೆ ಆ ಅತ್ಯಲ್ಪದಲ್ಲಿ ನೂರಾರು ಬಗೆಯ ಆವಿಯಾಗುವ ಸಾವಯವ ಸಂಯುಕ್ತಗಳಿವೆ. 1971ರಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ಉಸಿರನ್ನು ತಣಿಸಿ ಹಿಡಿದು ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಬಿಡಿಸಿ ನೋಡಿದಾಗ ಸುಮಾರು 250 ಪದಾರ್ಥಗಳ ಸುಳಿವು ಕಂಡಿತು. ಆಧುನಿಕ ಉಸಿರಿನ ವಿಶ್ಲೇಷಣೆ ಅಲ್ಲಿಂದ ಹೊರಟಿತು ಎನ್ನಬಹುದು. ಜೀವಕೋಶದ ಚಯಾಪಚಯ ಬದಲಾದಾಗ ಅದು ಉಗುಳುವ ಪದಾರ್ಥಗಳೂ ಬದಲಾಗುತ್ತವೆ. ಅವು ರಕ್ತದಲ್ಲಿ ಬೆರೆತು, ಶ್ವಾಸಕೋಶದಲ್ಲಿ ಗಾಳಿಗೆ ದಾಟಿ, ಬಾಯಿಯಿಂದ ಹೊರಬರುತ್ತವೆ. ಸಕ್ಕರೆ ಕಾಯಿಲೆ ಹದ ತಪ್ಪಿದವರ ಬಾಯಿಯಿಂದ ಅತಿಯಾಗಿ ಕಳಿತ ಹಣ್ಣಿನ ವಾಸನೆ ಬರುವುದು ಅಸಿಟೋನ್‌ನಿಂದ. ಅದನ್ನು ಮೂಗೇ ಹಿಡಿಯಬಲ್ಲದು. ಕ್ಯಾನ್ಸರಿನ ಸುಳಿವು ಅಷ್ಟು ದೊಡ್ಡದಾಗಿ ಇರುವುದಿಲ್ಲ, ನೂರು ಕೋಟಿ ಕಣಗಳಲ್ಲಿ ಕೆಲವೇ ಕಣಗಳ ಲೆಕ್ಕದಲ್ಲಿ ಇರುತ್ತದೆ.

ಇಸ್ರೇಲಿನ ಹೈಫಾದಲ್ಲಿರುವ ಟೆಕ್ನಿಯಾನ್ ಸಂಸ್ಥೆಯ ಹೊಸ್ಸಾಮ್ ಹೈಕ್ ಅವರ ತಂಡ ಚಿನ್ನದ ನ್ಯಾನೋ ಕಣಗಳ ಮೇಲೆ ಸಾವಯವ ಪದರ ಹೊದಿಸಿದ ಸಂವೇದಕಗಳನ್ನು ಮಾಡಿತು. ಉಸಿರಿನ ಆವಿ ತಾಗಿದಾಗ ಆ ಪದರ ಒಂದಿಷ್ಟು ಉಬ್ಬಿ, ಕಣಗಳ ನಡುವಿನ ಅಂತರ ಬದಲಾಗಿ, ವಿದ್ಯುತ್ ನಿರೋಧ ಏರಿಳಿಯುತ್ತದೆ. ಬೇರೆ ಬೇರೆ ಪದರಗಳ ಅನೇಕ ಸಂವೇದಕಗಳ ಏರಿಳಿತವನ್ನು ಒಟ್ಟಿಗೆ ನೋಡಿದರೆ ಒಂದು ‘ವಾಸನೆಯ ನಕ್ಷೆ’ ಸಿಗುತ್ತದೆ. ಚೀನಾದ ಆನ್‌ಹುಯಿ ಪ್ರಾಂತ್ಯದ ವೈದ್ಯರ ಜೊತೆ ಸೇರಿ 130 ಮಂದಿಯ ಉಸಿರನ್ನು ಈ ರೀತಿ ನೋಡಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 37 ಮಂದಿಗೆ ಜಠರದ ಕ್ಯಾನ್ಸರ್, 32 ಮಂದಿಗೆ ಹುಣ್ಣು, ಉಳಿದವರಿಗೆ ಅದಕ್ಕಿಂತ ಸೌಮ್ಯ ತೊಂದರೆಗಳಿದ್ದವು. ನೀವು ಓದಿದ ‘ಶೇಕಡಾ 90’ ಬಹುಶಃ ಇಲ್ಲಿಂದ ಬಂದದ್ದು. 37 ಎಂಬ ಸಣ್ಣ ಸಂಖ್ಯೆಯನ್ನು ದಯವಿಟ್ಟು ಗಮನಿಸಿ.

ಆಮೇಲೆ ಅದೇ ತಂಡ ಲಾಟ್ವಿಯಾದ ವೈದ್ಯರೊಂದಿಗೆ 484 ಮಂದಿಯ ಉಸಿರನ್ನು ಪರೀಕ್ಷಿಸಿತು. ಅವರಲ್ಲಿ 99 ಮಂದಿ ಕ್ಯಾನ್ಸರ್ ರೋಗಿಗಳು. 2015ರಲ್ಲಿ ಹೊರಬಂದ ಆ ಫಲಿತಾಂಶದಲ್ಲಿ ಸಂವೇದಕಗಳು ಕ್ಯಾನ್ಸರ್ ಇಲ್ಲದವರನ್ನು ಶೇಕಡಾ 98ರಷ್ಟು ಸರಿಯಾಗಿ ಬಿಡಿಸಿದವು, ಆದರೆ ಕ್ಯಾನ್ಸರ್ ಇದ್ದವರಲ್ಲಿ ಹಿಡಿದದ್ದು ಶೇಕಡಾ 73ರಷ್ಟು. ಅಂದರೆ ಕ್ಯಾನ್ಸರ್ ಇದ್ದ ನಾಲ್ವರಲ್ಲಿ ಒಬ್ಬರು ತಪ್ಪಿಹೋದ ಲೆಕ್ಕ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾರ್ಜ್ ಹನ್ನಾ ಅವರ ತಂಡ ಸಂವೇದಕದ ಬದಲು ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿದು, ಬ್ಯೂಟಿರಿಕ್, ಪೆಂಟನೋಯಿಕ್, ಹೆಕ್ಸನೋಯಿಕ್ ಎಂಬ ಮೂರು ಆಮ್ಲಗಳನ್ನೂ ಬ್ಯೂಟನಾಲ್, ಡೆಕನಾಲ್ ಎಂಬ ಎರಡು ಆಲ್ಡಿಹೈಡ್‌ಗಳನ್ನೂ ಅಳೆಯಿತು. ಅನ್ನನಾಳ ಮತ್ತು ಜಠರದ ಕ್ಯಾನ್ಸರಿಗಾಗಿ 335 ಮಂದಿಯಲ್ಲಿ ನಡೆಸಿದ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇದ್ದವರಲ್ಲಿ ಶೇಕಡಾ 80, ಇಲ್ಲದವರಲ್ಲಿ ಶೇಕಡಾ 81ರಷ್ಟು ಸರಿಯಾದ ಉತ್ತರ ಬಂದಿತ್ತು.

ಇವೆಲ್ಲ ನಿಜವಾಗಿಯೂ ಶ್ಲಾಘ್ಯ ಕೆಲಸಗಳು. ಆದರೆ ಈ ಕ್ಷೇತ್ರದ ಕಷ್ಟವೇನೆಂದು ಯಂತ್ರದ ಮುಂದೆ ಕುಳಿತವನಾಗಿ ಹೇಳಲೇಬೇಕು. ಚೀನಾದ ಅಧ್ಯಯನದಲ್ಲಿ ಕಂಡ ಐದು ಪದಾರ್ಥಗಳಲ್ಲಿ ಲಂಡನ್ನಿನ ಪಟ್ಟಿಯಲ್ಲಿರುವುದು ಒಂದೂ ಇಲ್ಲ. ಆ ಐದರಲ್ಲಿ 2-ಬ್ಯುಟಾಕ್ಸಿ ಎಥನಾಲ್ ನೆಲ ಮತ್ತು ಗಾಜು ಒರೆಸುವ ದ್ರಾವಣಗಳಲ್ಲಿಯೂ ಇರುತ್ತದೆ. ಅಕ್ರಿಲೋನೈಟ್ರೈಲ್ ಸಿಗರೇಟಿನ ಹೊಗೆಯಲ್ಲಿಯೂ, ಫರ್ಫುರಾಲ್ ಹುರಿದ ಕಾಫಿಯಲ್ಲಿಯೂ ಇರುತ್ತವೆ. ಐಸೊಪ್ರೀನ್ ಎಂಬುದು ಎದ್ದು ಓಡಾಡಿದರೂ ಏರುತ್ತದೆ. ರೋಗಿ ಆಸ್ಪತ್ರೆಯ ಎರಡು ಮಹಡಿ ಹತ್ತಿ ಬಂದು ತಕ್ಷಣ ಊದಿದರೆ ಬರುವ ಅಂಕಿ ಬೇರೆ, ಅರ್ಧ ಗಂಟೆ ಕುಳಿತು ಊದಿದರೆ ಬರುವ ಅಂಕಿ ಬೇರೆ. ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಯಂತ್ರ ಬಿಡಿಸುವ ಗೆರೆಯಲ್ಲಿ ಒಂದು ದೊಡ್ಡ ಶಿಖರ, ಅಂದರೆ ಯಾವುದೋ ಪದಾರ್ಥ ಹೆಚ್ಚಿದೆ ಎಂಬ ಗುರುತು, ದಿನವೂ ಬೆಳಿಗ್ಗೆ ಬಂದು ಮಧ್ಯಾಹ್ನ ಮಾಯವಾಗುತ್ತಿತ್ತು. ಮೂರು ದಿನ ಮಾದರಿಗಳನ್ನು ತಿರುತಿರುಗಿ ಓಡಿಸಿದ ಮೇಲೆ, ಅದು ಬೆಳಿಗ್ಗೆ ಎಂಟಕ್ಕೆ ನೆಲ ಒರೆಸುವ ದ್ರಾವಣದ್ದೆಂದು ಗೊತ್ತಾಯಿತು. ಆದ್ದರಿಂದಲೇ ಒಳ್ಳೆಯ ಅಧ್ಯಯನಗಳಲ್ಲಿ ಉಸಿರಿನ ಜೊತೆ ಆ ಕೋಣೆಯ ಗಾಳಿಯನ್ನೂ ಹಿಡಿದಿಡುತ್ತಾರೆ, ಉಪವಾಸದಲ್ಲಿ ಬರಹೇಳುತ್ತಾರೆ, ಉಸಿರಿನ ಮೊದಲ ಭಾಗವನ್ನು ಬಿಟ್ಟು ಶ್ವಾಸಕೋಶದ ಆಳದಿಂದ ಬರುವ ಕೊನೆಯ ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತಾರೆ.

ಒಂದು ಆಸ್ಪತ್ರೆಯಲ್ಲಿ, ಒಂದು ಜನರ ಆಹಾರದಲ್ಲಿ, ಒಂದು ಯಂತ್ರದಲ್ಲಿ ಹೊಂದಿದ ಲೆಕ್ಕ ಇನ್ನೊಂದು ಕಡೆ ಹೊಂದಬೇಕೆಂದಿಲ್ಲ. ಈ ಕಾರಣಕ್ಕೆ ಇದು ಇನ್ನೂ ಸಂಶೋಧನೆಯ ಕೋಣೆಯಲ್ಲಿಯೇ ಇದೆ.

---

ಉತ್ತರ — ಹೊರರೋಗಿ ವಿಭಾಗ

ನಾನು ಜೀರ್ಣಾಂಗ ರೋಗಗಳ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಮೇಲಿನವರು ಉಸಿರಿನ ವಿಷಯವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ನಾನು ನಿಮ್ಮ ಪ್ರಶ್ನೆಯ ನಡುವೆ ನೀವು ಹಾಗೆಯೇ ಹೇಳಿಕೊಂಡು ಹೋದ ಎರಡು ವಾಕ್ಯಗಳ ಬಗ್ಗೆ ಮಾತ್ರ ಬರೆಯುತ್ತೇನೆ: ಬೆಲ್ಟಿನ ಹೊಸ ತೂತುಗಳು ಮತ್ತು 9.6 ಹಿಮೋಗ್ಲೋಬಿನ್.

ಅರವತ್ತು ದಾಟಿದ ಗಂಡಸರಲ್ಲಿ ಕಾರಣವಿಲ್ಲದೆ ತೂಕ ಇಳಿಯುವುದು, ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಬರುವುದು, ಸ್ವಲ್ಪ ಉಂಡೊಡನೆ ಹೊಟ್ಟೆ ತುಂಬುವುದು, ಇವು ಮೂರನ್ನೂ ನಾವು ಎಚ್ಚರಿಕೆಯ ಲಕ್ಷಣಗಳೆಂದೇ ಎಣಿಸುತ್ತೇವೆ. ಗಂಡಸಿಗೆ ಮುಟ್ಟಿನ ರಕ್ತಸ್ರಾವವಿಲ್ಲ. ಹಾಗಾಗಿ ಕಬ್ಬಿಣಾಂಶ ಎಲ್ಲಿಂದಲೋ ಸೋರಿಹೋಗುತ್ತಿದೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಜಠರ ಮತ್ತು ಕರುಳನ್ನು. ಕಬ್ಬಿಣದ ಮಾತ್ರೆ ಕೊಟ್ಟರೆ ಅಂಕಿ ಏರುತ್ತದೆ, ಆದರೆ ಸೋರಿಕೆ ನಿಲ್ಲುವುದಿಲ್ಲ. ಅಲ್ಲದೆ ಕಬ್ಬಿಣದ ಮಾತ್ರೆ ತಿನ್ನುವವರಲ್ಲಿ ಮಲ ಕಪ್ಪಾಗುವುದು ಸಹಜವಾದ್ದರಿಂದ, ರಕ್ತ ಬಿದ್ದು ಮಲ ಡಾಂಬರಿನಂತೆ ಕಪ್ಪಾದರೂ ಮನೆಯವರು ಮಾತ್ರೆಯಿಂದ ಎಂದುಕೊಂಡು ಸುಮ್ಮನಾಗುವ ಅಪಾಯವಿದೆ.

ಪ್ಯಾಂಟಾಪ್ರಜೋಲ್ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಕಡೆ ಎದೆಯುರಿ, ಹೊಟ್ಟೆಯುಬ್ಬರ, ತೇಗು, ಎದೆನೋವು ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಎಲ್ಲಕ್ಕೂ ಮೆಡಿಕಲ್ ಶಾಪಿನಿಂದ ತಂದ ಅದೇ ಮಾತ್ರೆ. ಆಮ್ಲ ಕಡಿಮೆಯಾದಾಗ ಕ್ಯಾನ್ಸರಿನ ಹುಣ್ಣು ಕೂಡ ಮೇಲ್ಮೈಯಲ್ಲಿ ತಾತ್ಕಾಲಿಕವಾಗಿ ಮಾಯ್ದಂತೆ ಕಾಣಬಹುದು, ನೋವೂ ತಗ್ಗಬಹುದು. ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಹೊರರೋಗಿ ವಿಭಾಗದಲ್ಲಿ ನಾನು ದಿನವೂ ಕಾಣುವ ದುಃಖ ಇದು. ಜಠರದ ಕ್ಯಾನ್ಸರ್ ಒಳಪದರ ಮತ್ತು ಅದರ ಕೆಳಗಿನ ಪದರದಲ್ಲಿಯೇ ಇದ್ದಾಗ ಸಿಕ್ಕಿದರೆ ಜಪಾನಿನಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಕೆಲವರಿಗೆ ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಲ್ಲಿಯೇ ಆ ಭಾಗವನ್ನು ಬಿಡಿಸಿ ತೆಗೆಯುತ್ತಾರೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಆ ಹಂತವನ್ನು ದಾಟಿ ಬಂದವರು.

ನಿಮ್ಮ ತಂದೆಯವರಿಗೆ ಕ್ಯಾನ್ಸರ್ ಇದೆ ಎಂದು ನಾನು ಹೇಳುತ್ತಿಲ್ಲ. ಹುಣ್ಣು ಇರಬಹುದು, ಬ್ಯಾಕ್ಟೀರಿಯಾದಿಂದ ಬಂದ ಜಠರದ ಉರಿಯೂತ ಇರಬಹುದು, ಬೇರೇನೋ ಇರಬಹುದು. ಆದರೆ ಅದು ಯಾವುದೆಂದು ತಿಳಿಯುವುದು ಕಣ್ಣಿನಿಂದ ನೋಡಿ, ಅನುಮಾನ ಬಂದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದಾಗ ಮಾತ್ರ. ಉಸಿರಿನ ಪರೀಕ್ಷೆ ನಾಳೆ ಎಷ್ಟೇ ಮುಂದುವರಿದರೂ ಅದು ‘ಇವರಿಗೆ ಎಂಡೋಸ್ಕೋಪಿ ಮಾಡಿ’ ಎಂದು ಕೈತೋರಿಸಬಲ್ಲದೇ ಹೊರತು ಎಂಡೋಸ್ಕೋಪಿಯ ಜಾಗದಲ್ಲಿ ಕೂರಲಾರದು. ನಿಮ್ಮ ತಂದೆಯವರ ವಿಷಯದಲ್ಲಿ ಲಕ್ಷಣಗಳೇ ಆಗಲೇ ಕೈತೋರಿಸಿವೆ. ಈ ವಾರವೇ ಮಾಡಿಸಿ.

---

ಉತ್ತರ — ಹಂಪಾಪುರ

ನನ್ನದು ಬೇರೆ ದಿಕ್ಕಿನ ಪ್ರಶ್ನೆ. ಯಾವ ಲಕ್ಷಣವೂ ಇಲ್ಲದ ನಮ್ಮಂಥವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲವೇ? ಕೊರಿಯಾದಲ್ಲಿ ನಲವತ್ತು ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ಜಠರವನ್ನು ತಪಾಸಣೆ ಮಾಡುವ ಸರ್ಕಾರಿ ವ್ಯವಸ್ಥೆ ಇದೆ. ನಮ್ಮಲ್ಲಿ ಅಷ್ಟು ಜನರಿಗೆ ಎಂಡೋಸ್ಕೋಪಿ ಮಾಡಲು ಸಾಧ್ಯವಿಲ್ಲ. ಶೇಕಡಾ 80ರಷ್ಟು ಸರಿಯಾಗಿ ಹೇಳುವ, ನೋವಿಲ್ಲದ ಪರೀಕ್ಷೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಎಲ್ಲರಿಗೂ ಊದಿಸಬಹುದಲ್ಲವೇ?

---

ಉತ್ತರ — ಗಾಜಿನ ನಳಿಕೆ

ಬಹಳ ಒಳ್ಳೆಯ ಪ್ರಶ್ನೆ. ‘ಶೇಕಡಾ 80’ ಎಂಬ ಮಾತು ಎಲ್ಲರನ್ನೂ ಎಡವಿಸುವುದು ಇಲ್ಲಿಯೇ. ಲೆಕ್ಕ ಮಾಡಿ ನೋಡೋಣ.

ಅಜೀರ್ಣವೆಂದು ಬಂದ 10,000 ಮಂದಿ ಇದ್ದಾರೆಂದು ಇಟ್ಟುಕೊಳ್ಳಿ. ಅವರಲ್ಲಿ ನೂರಕ್ಕೆ ಒಬ್ಬರಂತೆ 100 ಮಂದಿಗೆ ನಿಜವಾಗಿ ಕ್ಯಾನ್ಸರ್ ಇದೆ ಎಂದುಕೊಳ್ಳಿ. ಲಂಡನ್ನಿನ ಅಂಕಿಗಳ ಪ್ರಕಾರ ಪರೀಕ್ಷೆ ಆ ನೂರರಲ್ಲಿ 80 ಮಂದಿಯನ್ನು ಹಿಡಿಯುತ್ತದೆ, 20 ಮಂದಿಯನ್ನು ಬಿಟ್ಟುಬಿಡುತ್ತದೆ. ಉಳಿದ 9,900 ಮಂದಿ ಕ್ಯಾನ್ಸರ್ ಇಲ್ಲದವರು. ಅವರಲ್ಲಿ ಶೇಕಡಾ 19ರಷ್ಟು, ಅಂದರೆ 1,881 ಮಂದಿಗೆ ಪರೀಕ್ಷೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಒಟ್ಟು 1,961 ಮಂದಿಗೆ ‘ಇದೆ’ ಎಂಬ ಚೀಟಿ ಸಿಕ್ಕಿತು. ಅವರಲ್ಲಿ ನಿಜವಾಗಿ ಇರುವವರು 80, ಅಂದರೆ ನೂರಕ್ಕೆ ನಾಲ್ವರು. ಉಳಿದ ತೊಂಬತ್ತಾರು ಮಂದಿ ಎಂಡೋಸ್ಕೋಪಿ ಆಗುವವರೆಗೆ ರಾತ್ರಿ ನಿದ್ದೆಯಿಲ್ಲದೆ ಕಳೆಯಬೇಕು. ಯಾವ ಲಕ್ಷಣವೂ ಇಲ್ಲದ ಸಾಮಾನ್ಯ ಜನರಲ್ಲಿ ಕ್ಯಾನ್ಸರ್ ಇರುವವರ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಹತ್ತು ಸಾವಿರಕ್ಕೆ ಹತ್ತೇ ಮಂದಿ ಎಂದುಕೊಂಡರೆ ‘ಇದೆ’ ಎಂಬ ಚೀಟಿ ಪಡೆದ ಸುಮಾರು ಇನ್ನೂರನಲವತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ‘ಇಲ್ಲ’ ಎಂಬ ಉತ್ತರ ಪಡೆದ 8,039 ಮಂದಿಯಲ್ಲಿ ಕ್ಯಾನ್ಸರ್ ಇರುವವರು 20; ಸುಮಾರು ನಾನೂರಕ್ಕೆ ಒಬ್ಬರು. ಎಚ್ಚರಿಕೆಯ ಲಕ್ಷಣ ಯಾವುದೂ ಇಲ್ಲದ, ಬರಿಯ ಅಜೀರ್ಣ ಇರುವವರ ದೊಡ್ಡ ಗುಂಪಿನಲ್ಲಿ ಯಾರನ್ನು ಮೊದಲು ಎಂಡೋಸ್ಕೋಪಿಗೆ ಕಳಿಸಬೇಕೆಂದು ವಿಂಗಡಿಸಲು ಇದು ನಿಜವಾಗಿ ಬೆಲೆಯುಳ್ಳದ್ದು. ಹನ್ನಾ ಅವರ ತಂಡ ಮೊದಲಿನಿಂದಲೂ ಹೇಳುತ್ತ ಬಂದಿರುವ ಉಪಯೋಗವೂ ಇದೇ. ಪತ್ರಿಕೆಯ ತಲೆಬರಹಕ್ಕೆ ಬರುವಷ್ಟರಲ್ಲಿ ಅದು ‘ಊದಿದರೆ ಕ್ಯಾನ್ಸರ್ ಪತ್ತೆ’ ಎಂದಾಗಿಬಿಡುತ್ತದೆ. ನನಗೆ ಇದರಿಂದ ನಿಜವಾಗಿ ನೋವಾಗುತ್ತದೆ, ಏಕೆಂದರೆ ಇಂಥ ತಲೆಬರಹ ಓದಿಯೇ ವರದಾತೀರ ಅವರ ತಂದೆಯಂಥವರು ಬೇಕಾದ ಪರೀಕ್ಷೆಯನ್ನು ಮುಂದೂಡುತ್ತಾರೆ.

ಎಲ್ಲರಿಗೂ ಮಾಡುವ ತಪಾಸಣೆಯ ಅಗತ್ಯ ಪ್ರದೇಶವನ್ನು ಅವಲಂಬಿಸಿದ್ದು. ನಮ್ಮ ದೇಶದಲ್ಲಿ ಜಠರದ ಕ್ಯಾನ್ಸರಿನ ಪ್ರಮಾಣ ಅತಿ ಹೆಚ್ಚಾಗಿರುವುದು ಮಿಜೋರಾಮಿನಲ್ಲಿ. ಹೊಗೆಯಲ್ಲಿ ಒಣಗಿಸಿದ ಮಾಂಸ, ಹುದುಗಿಸಿದ ಹಂದಿ ಕೊಬ್ಬು, ತಂಬಾಕಿನ ಹೊಗೆಯನ್ನು ನೀರಿಗೆ ಹಾಯಿಸಿ ಮಾಡುವ ತುಯಿಬುರ್ ಎಂಬ ದ್ರವ ಇವುಗಳ ಜೊತೆ ಅದರ ಸಂಬಂಧವನ್ನು ಅಧ್ಯಯನ ಮಾಡಿದ್ದಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸಿಕೊಂಡು ಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿಯೂ ಗಂಡಸರ ಪಟ್ಟಿಯ ಮೇಲಿನ ಸಾಲುಗಳಲ್ಲಿ ಜಠರ ಇದ್ದೇ ಇದೆ. ಉಸಿರಿನ ಪರೀಕ್ಷೆ ಮುಂದೊಂದು ದಿನ ನಮ್ಮ ಜನರಿಗೂ ಬರಬೇಕಾದರೆ ನಮ್ಮ ಊಟ, ನಮ್ಮ ಎಲೆ-ಅಡಿಕೆ, ನಮ್ಮ ಅಡುಗೆಮನೆಯ ಹೊಗೆ ಇರುವ ಉಸಿರಿನಲ್ಲಿಯೇ ಅದನ್ನು ಮೊದಲಿನಿಂದ ಒರೆಹಚ್ಚಬೇಕು; ಲಂಡನ್ನಿನ ಅಂಕಿಯನ್ನು ತಂದು ಇಲ್ಲಿ ಅಂಟಿಸಲಾಗದು.

---

ಉತ್ತರ — ಕುಂದಾಪ್ರದ ಅಮ್ಮ

ನನಗೆ ವಿಜ್ಞಾನ ಅಷ್ಟು ತಿಳಿಯದು. ಎಂಡೋಸ್ಕೋಪಿ ಮಾಡಿಸಿಕೊಂಡವಳಾಗಿ ಆ ಹಿರಿಯರ ಭಯದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನಗೂ ಅದೇ ಭಯವಿತ್ತು.

ನನಗೆ 58 ವರ್ಷ. ಕಳೆದ ವರ್ಷ ಮಾಡಿಸಿದೆ. ಹಿಂದಿನ ರಾತ್ರಿ ಎಂಟಕ್ಕೆ ಗಂಜಿ ಕುಡಿದು ಮಲಗಿದವಳು ಬೆಳಿಗ್ಗೆ ನೀರನ್ನೂ ಮುಟ್ಟದೆ ಹೋದೆ. ಗಂಟಲಿಗೆ ಒಂದು ಔಷಧಿ ಸಿಂಪಡಿಸಿದರು, ಕಹಿ. ಎರಡು ನಿಮಿಷದಲ್ಲಿ ನಾಲಿಗೆಯ ಬುಡ ಮರಗಟ್ಟಿ, ಉಗುಳು ನುಂಗಿದ್ದೇ ಗೊತ್ತಾಗದಂತಾಯಿತು. ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ನಡುವಿನಲ್ಲಿ ತೂತಿರುವ ಪ್ಲಾಸ್ಟಿಕ್ ಬಿಲ್ಲೆ ಇಟ್ಟರು. ನಾನು ಮೊದಲೇ ಕೇಳಿಕೊಂಡಿದ್ದರಿಂದ ಕೈಗೆ ಮಂಪರಿನ ಇಂಜೆಕ್ಷನ್ ಕೊಟ್ಟರು. ಪಕ್ಕದಲ್ಲಿದ್ದ ನರ್ಸ್ ನನ್ನ ಹೆಗಲ ಮೇಲೆ ಕೈಯಿಟ್ಟು ‘ಮೂಗಲ್ಲಿ ಉಸಿರಾಡಿ ಅಮ್ಮಾ’ ಎಂದದ್ದು ನೆನಪಿದೆ. ಆಮೇಲಿನ ನೆನಪು ‘ಆಯ್ತು, ಏಳಿ’ ಎಂದದ್ದು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಚೂರು ತೆಗೆದಿದ್ದಾರೆಂದು ವರದಿ ನೋಡಿದಾಗಲೇ ಗೊತ್ತಾದದ್ದು, ನೋವೇ ಆಗಿರಲಿಲ್ಲ. ಸಂಜೆಯವರೆಗೆ ಗಂಟಲು ಸ್ವಲ್ಪ ಕೆರೆಯುತ್ತಿತ್ತು, ಅಷ್ಟೇ.

ಮಂಪರು ಇಲ್ಲದೆ ಮಾಡಿಸಿಕೊಂಡವರಿಗೆ ಓಕರಿಕೆ ಬರುವುದು ನಿಜ. ನಿಮ್ಮ ದೊಡ್ಡಪ್ಪನವರಿಗೆ ಹಾಗೇ ಮಾಡಿರಬಹುದು. ಆದ್ದರಿಂದ ತಂದೆಯವರಿಗೆ ‘ಭಯಪಡಬೇಡಿ’ ಎಂದು ಹೇಳುವ ಬದಲು, ‘ನಿಮಗೆ ಮಂಪರು ಕೊಟ್ಟು ಮಾಡುತ್ತಾರೆ, ದೊಡ್ಡಪ್ಪನಿಗೆ ಕೊಟ್ಟಿರಲಿಲ್ಲ’ ಎಂದು ಹೇಳಿ ನೋಡಿ. ಹಿರಿಯರು ಕಣ್ಣಾರೆ ಕಂಡದ್ದನ್ನು ಸುಳ್ಳು ಎಂದರೆ ಅವರು ಇನ್ನಷ್ಟು ಬಿಗಿಯುತ್ತಾರೆ.

---

ಪ್ರಶ್ನೆ ಕೇಳಿದವರ ಮರುಮಾತು — ವರದಾತೀರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ವೈದ್ಯೆಯವರು ಹೇಳಿದ ಬೆಲ್ಟಿನ ಮಾತು ಓದಿ ನನಗೆ ಕೈ ನಡುಗಿತು. ಆ ತೂತುಗಳನ್ನು ತಂದೆಯವರು ಮಾಡುವಾಗ ನಾನು ಎದುರಿಗೇ ಕುಳಿತಿದ್ದೆ, ಹೊಸ ಬೆಲ್ಟು ತರೋಣವೆಂದು ಮಾತ್ರ ಹೇಳಿದ್ದೆ.

ನಿನ್ನೆ ರಾತ್ರಿ ಊಟದ ನಂತರ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿದೆ. ಲ್ಯಾಬಿನ ಬ್ರೆತ್ ಟೆಸ್ಟ್ ಬೇರೆ, ಓದಿದ ಪರೀಕ್ಷೆ ಬೇರೆ, ಓದಿದ್ದು ಇನ್ನೂ ಆಸ್ಪತ್ರೆಗೆ ಬಂದಿಲ್ಲ ಎಂದು ಬಿಡಿಸಿ ಹೇಳಿದೆ. ಕುಂದಾಪ್ರದ ಅಮ್ಮನವರು ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿದೆ. ತಂದೆಯವರು ‘ನರ್ಸ್ ಹೆಗಲ ಮೇಲೆ ಕೈ ಇಟ್ಟಳಂತಾ?’ ಎಂದು ಎರಡು ಸಲ ಕೇಳಿದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ಮಂಪರು ಕೊಡುವುದಾದರೆ ಬರುತ್ತೇನೆಂದು ಒಪ್ಪಿದರು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಸಮಯ ಸಿಕ್ಕಿದೆ.

ಎರಡು ಸಣ್ಣ ಸಂದೇಹ. ಅವರು ಸಕ್ಕರೆ ಕಾಯಿಲೆಗೂ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಉಪವಾಸವಿದ್ದಾಗ ಅದನ್ನು ಏನು ಮಾಡಬೇಕು? ಹೇಗೂ ಎಂಡೋಸ್ಕೋಪಿ ಆಗುತ್ತಿರುವುದರಿಂದ ಬ್ಯಾಕ್ಟೀರಿಯಾದ ಬ್ರೆತ್ ಟೆಸ್ಟನ್ನು ಬೇರೆಯಾಗಿ ಮಾಡಿಸಬೇಕೇ?

---

ಉತ್ತರ — ಹೊರರೋಗಿ ವಿಭಾಗ

ಒಪ್ಪಿದ್ದು ಕೇಳಿ ಬಹಳ ಸಮಾಧಾನವಾಯಿತು.

ಏನೂ ತಿನ್ನದೆ ಹೋಗುವ ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು. ಸಾಮಾನ್ಯವಾಗಿ ಪರೀಕ್ಷೆ ಮುಗಿದು ಊಟ ಮಾಡುವವರೆಗೆ ಅದನ್ನು ತಡೆಹಿಡಿಯುತ್ತೇವೆ. ಆದರೂ ಯಾವ ಮಾತ್ರೆ, ಎಷ್ಟು ಪ್ರಮಾಣ ಎಂದು ನಿಮ್ಮ ವೈದ್ಯರಿಗೆ ನಾಳೆಯೇ ಫೋನ್ ಮಾಡಿ ಕೇಳಿಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಇದ್ದರೆ ಅದನ್ನೂ ತಪ್ಪದೆ ಹೇಳಿ. ಬೆಳಗಿನ ಮೊದಲ ಸರದಿಯಲ್ಲಿಯೇ ಕರೆಯಲು ಕೇಳಿಕೊಳ್ಳಿ, ಸಕ್ಕರೆ ಕಾಯಿಲೆಯವರಿಗೆ ಅದನ್ನು ಒಪ್ಪುತ್ತಾರೆ.

ಬ್ರೆತ್ ಟೆಸ್ಟ್ ಈಗ ಬೇಡ. ಎಂಡೋಸ್ಕೋಪಿಯಲ್ಲಿ ತೆಗೆಯುವ ಚೂರಿನಲ್ಲಿಯೇ ಬ್ಯಾಕ್ಟೀರಿಯಾವನ್ನೂ ನೋಡುತ್ತಾರೆ. ಅದು ಇದ್ದು ಎರಡು ವಾರದ ಔಷಧಿ ಕೊಟ್ಟರೆ, ಔಷಧಿ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಅದು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ನಿಮ್ಮ ಶಿವಮೊಗ್ಗದ ಲ್ಯಾಬಿನ ಪರೀಕ್ಷೆ ಆಗ ಬಹಳ ಉಪಯೋಗಕ್ಕೆ ಬರುತ್ತದೆ.

ಮಂಪರು ಕೊಟ್ಟ ದಿನ ತಂದೆಯವರು ಬೈಕ್ ಓಡಿಸಬಾರದು, ಒಬ್ಬರೇ ಬಸ್ಸಿನಲ್ಲಿಯೂ ಬರಬಾರದು. ನೀವು ಜೊತೆಗಿರಿ. ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿ ತೆಗೆದುಕೊಂಡು ಹೋಗಿ, ಮತ್ತು ತೂಕ ಎಷ್ಟು ತಿಂಗಳಲ್ಲಿ ಎಷ್ಟು ಇಳಿದಿದೆ ಎಂಬುದನ್ನು ತಂದೆಯವರು ಹೇಳಲು ಹಿಂಜರಿದರೆ ನೀವೇ ಹೇಳಿ.

---

ವರದಾತೀರ

ಬರೆದುಕೊಂಡೆ. ಗುರುವಾರ ಸಂಜೆ ಇಲ್ಲಿಯೇ ತಿಳಿಸುತ್ತೇನೆ.